ವರದಿ ಸರಿಯಿದ್ದರೂ ನೋವು ಸುಳ್ಳಲ್ಲ

ಪರೀಕ್ಷೆಗಳಲ್ಲಿ ಏನೂ ಸಿಗಲಿಲ್ಲ, ವೈದ್ಯರು ಫೈಬ್ರೊಮಯಾಲ್ಜಿಯಾ (ಮೈಯೆಲ್ಲ ಹರಡಿಕೊಂಡು ಬಹುಕಾಲ ಉಳಿಯುವ ನೋವಿನ ಕಾಯಿಲೆ) ಎಂದರು, ಮನೆಯವರು ಎಲ್ಲ ನಿನ್ನ ಭ್ರಮೆ ಎನ್ನುತ್ತಾರೆ, ಯಾರನ್ನು ನಂಬಲಿ ಎಂದು ಕೇಳಿದ್ದೀರಿ. ವೈದ್ಯರನ್ನು ನಂಬಿ, ನಿಮ್ಮ ಮೈಯನ್ನೂ ನಂಬಿ. ಒಂಬತ್ತು ವರ್ಷಗಳಿಂದ ಈ ನೋವಿನೊಂದಿಗೆ ಬದುಕುತ್ತಿರುವವಳು ಹೇಳುತ್ತಿದ್ದೇನೆ.

ಈ ಕಾಯಿಲೆಯನ್ನು ಹಿಡಿದುಕೊಡುವ ರಕ್ತಪರೀಕ್ಷೆಯೇ ಇಲ್ಲ. ಥೈರಾಯ್ಡ್, ಸಂಧಿವಾತದಂತಹವು ಅಲ್ಲವೆಂದು ಖಚಿತಪಡಿಸಿಕೊಳ್ಳಲು ಪರೀಕ್ಷೆ ಮಾಡಿಸುತ್ತಾರೆ, ಅಷ್ಟೆ. ಇಲ್ಲಿ ಮಿದುಳು, ಬೆನ್ನುಹುರಿಗಳು ನೋವಿನ ಸಂಕೇತವನ್ನು ಹಿಗ್ಗಿಸಿಬಿಡುತ್ತವೆ. ನನಗೆ ಅಂಗಿಯ ಹೊಲಿಗೆ ತೋಳಿಗೆ ತಾಗಿದರೂ ಉರಿಯುತ್ತಿತ್ತು. ಹಿಂದೆ, 1990ರ ಮಾನದಂಡದಂತೆ, ಮೈಯ 18 ಜಾಗಗಳನ್ನು ಒತ್ತಿ 11ರಲ್ಲಾದರೂ ನೋವಿದೆಯೇ ಎಂದು ನೋಡುತ್ತಿದ್ದರು. 2010ರ ಮಾನದಂಡ ಆ ಲೆಕ್ಕವನ್ನು ಕೈಬಿಟ್ಟು, ಮೂರು ತಿಂಗಳಿಂದ ಹರಡಿಕೊಂಡ ನೋವಿನ ಜೊತೆಗೆ ಆಯಾಸ, ಮರೆವು, ಎದ್ದರೂ ದಣಿವಾರದ ನಿದ್ರೆಯನ್ನೂ ಪರಿಗಣಿಸಿತು. ನನ್ನ ವೈದ್ಯೆ "ನಿದ್ರೆ ಹೇಗಿದೆ?" ಎಂದು ಕೇಳಿದ ದಿನ ನಾನು ಅತ್ತುಬಿಟ್ಟೆ. ಅದುವರೆಗೆ ಯಾರೂ ಅದನ್ನು ಕೇಳಿರಲಿಲ್ಲ.

ನನ್ನನ್ನು ಹೆಚ್ಚು ಕಾಡಿದ್ದು ಒಳ್ಳೆಯ ದಿನಗಳು. ನೋವು ಕಡಿಮೆಯಾದ ದಿನ ವಾರದ ಕೆಲಸವನ್ನೆಲ್ಲ ಒಟ್ಟಿಗೆ ಮುಗಿಸುತ್ತಿದ್ದೆ, ಮುಂದಿನ ಮೂರು ದಿನ ಹಾಸಿಗೆ ಹಿಡಿಯುತ್ತಿದ್ದೆ. ಈ ಸುತ್ತು ನನಗೆ ಅರ್ಥವಾಗಲು ಎರಡು ವರ್ಷ ಬೇಕಾಯಿತು. ಈಗ ಗಡಿಯಾರ ನೋಡಿ ಕೆಲಸ ನಿಲ್ಲಿಸುತ್ತೇನೆ, ಇನ್ನೂ ಮಾಡಬಲ್ಲೆ ಎನ್ನಿಸುತ್ತಿರುವಾಗಲೇ. ನಡಿಗೆಯನ್ನೂ ಐದೇ ನಿಮಿಷದಿಂದ ಆರಂಭಿಸಿದೆ. ವಾರಕ್ಕೊಂದೆರಡು ನಿಮಿಷ ಸೇರಿಸಿದೆ. ಮೊದಮೊದಲು ನೋವು ತುಸು ಹೆಚ್ಚಾಗಿ ಹೆದರಿಕೆಯಾಯಿತು, ಆದರೆ ಬಿಡಲಿಲ್ಲ. ಯುರೋಪಿನ ಸಂಧಿವಾತ ತಜ್ಞರ ಸಂಘಟನೆ 2017ರಲ್ಲಿ ಬಲವಾಗಿ ಶಿಫಾರಸು ಮಾಡಿದ್ದು ವ್ಯಾಯಾಮವೊಂದನ್ನೇ.

ಔಷಧಿಗಳಲ್ಲಿ ಅಮಿಟ್ರಿಪ್ಟಿಲಿನ್, ಡುಲೊಕ್ಸೆಟಿನ್, ಪ್ರಿಗ್ಯಾಬಲಿನ್ ಕೆಲವರಿಗೆ ನೆರವಾಗುತ್ತವೆ. ರಾತ್ರಿ ಸಣ್ಣ ಪ್ರಮಾಣದ ಅಮಿಟ್ರಿಪ್ಟಿಲಿನ್ ನನ್ನ ನಿದ್ರೆಯನ್ನು ಸುಧಾರಿಸಿತು. ಬಾಯಿ ಒಣಗುವುದನ್ನು ಸಹಿಸಿಕೊಂಡೆ. ಡುಲೊಕ್ಸೆಟಿನ್ ಖಿನ್ನತೆಗೂ ಕೊಡುವ ಔಷಧಿಯಾದ್ದರಿಂದ ಮನೆಯವರು "ನೋಡು, ಮನಸ್ಸಿನದೇ" ಎಂದರೆ ಕುಗ್ಗಬೇಡಿ, ಅದು ನೋವನ್ನು ತಗ್ಗಿಸುವ ನರಮಾರ್ಗಗಳ ಮೇಲೂ ಕೆಲಸ ಮಾಡುತ್ತದೆ. ಆದರೆ ಉರಿಯೂತ ತಗ್ಗಿಸುವ ಸಾಮಾನ್ಯ ನೋವಿನ ಮಾತ್ರೆಗಳನ್ನು ದಿನವೂ ನುಂಗುತ್ತ ಹೋಗಬೇಡಿ. ಇದಕ್ಕೆ ಅವುಗಳ ಪ್ರಯೋಜನ ಕಡಿಮೆ, ಹೊಟ್ಟೆ, ಮೂತ್ರಪಿಂಡಗಳಿಗೆ ಹಾನಿಯೂ ಆಗಬಹುದು.

ಪೂರ್ತಿ ವಾಸಿಯಾಗುತ್ತದೆಯೇ ಎಂದೂ ಕೇಳಿದ್ದೀರಿ. ನನಗೆ ಆಗಿಲ್ಲ. ಆದರೆ ಇದು ಕೀಲುಗಳನ್ನು ಸವೆಸುವುದಿಲ್ಲ, ಮತ್ತು ನನ್ನ ಕೆಟ್ಟ ದಿನಗಳು ಈಗ ತಿಂಗಳಿಗೆ ನಾಲ್ಕೈದಕ್ಕೆ ಇಳಿದಿವೆ. ಕೀಲು ಊದಿಕೊಂಡರೆ, ಜ್ವರ ಬಂದರೆ, ಕಾರಣವಿಲ್ಲದೆ ತೂಕ ಇಳಿದರೆ ಮಾತ್ರ ಅದನ್ನೂ ಇದರ ಲೆಕ್ಕಕ್ಕೇ ಸೇರಿಸದೆ ವೈದ್ಯರಿಗೆ ತೋರಿಸಿ.