ಅಕ್ಷರ ತಿನ್ನುವ ಮೊಮ್ಮಗ

ಮೈಸೂರಿನ ಓದುಗರೊಬ್ಬರು ಬರೆದಿದ್ದಾರೆ: “ನ್ಯೂಜೆರ್ಸಿಯಲ್ಲಿರುವ ಮಗಳು ಯಹೂದಿ ಹುಡುಗನನ್ನು ಮದುವೆಯಾಗಿದ್ದಾಳೆ. ಮನೆಯಲ್ಲಿ ಇಂಗ್ಲಿಷ್, ಹೀಬ್ರೂ ಎರಡೂ ನಡೆಯುತ್ತವೆ. ಮೊಮ್ಮಗನಿಗೆ ಎರಡೂವರೆ ವರ್ಷ. ಬೀಗಿತ್ತಿ ಹೀಬ್ರೂ ಅಕ್ಷರಗಳ ಬಿಸ್ಕತ್ತು ಮಾಡಿ ಆಗಲೇ ಹೇಳಿಕೊಡುತ್ತಿದ್ದಾರೆ. ಇಂಗ್ಲಿಷ್ ಎಡದಿಂದ ಬಲಕ್ಕೆ, ಅದು ಬಲದಿಂದ ಎಡಕ್ಕೆ. ಮಗುವಿಗೆ ಗಲಿಬಿಲಿ ಆಗಲ್ವಾ? ಒಂದೆರಡು ವರ್ಷ ತಡೆಯಿರಿ ಅಂತ ಹೇಳಲೇ?”

ಸಂಪಾದಕರ ಉತ್ತರ:

ಹೇಳಬೇಡಿ ತಾಯಿ. ಬೀಗಿತ್ತಿ ಸರಿಯಾಗಿಯೇ ಮಾಡುತ್ತಿದ್ದಾರೆ.

ಮಾತು ಮೊದಲು, ಅಕ್ಷರ ಆಮೇಲೆ ಎನ್ನುವವರ ವಾದದಲ್ಲೂ ಹುರುಳಿದೆ, ಇಲ್ಲ ಅನ್ನಲ್ಲ. ಎರಡೂವರೆ ವರ್ಷದ ಕೈಗೆ ಪೆನ್ಸಿಲ್ ತುರುಕುವುದು ತಪ್ಪು. ಆದರೆ ಇಲ್ಲಿ ಪೆನ್ಸಿಲ್ ಎಲ್ಲಿದೆ? ಮಗು ಅಕ್ಷರವನ್ನು ಹಿಡಿದು, ತಿರುಗಿಸಿ ನೋಡಿ, ಕಚ್ಚಿ ತಿನ್ನುತ್ತಿದೆ.

ಇದು ಇಂದಿನ ಹೊಸ ಫ್ಯಾಷನ್ನೂ ಅಲ್ಲ. ಮಧ್ಯಯುಗದ ಜರ್ಮನಿ, ಫ್ರಾನ್ಸ್‌ಗಳಲ್ಲಿ ಯಹೂದಿಗಳು ಮಗುವನ್ನು ಗುರುಗಳ ತೊಡೆಯ ಮೇಲೆ ಕೂರಿಸಿ, ಹಲಗೆಯ ಮೇಲಿನ ಅಕ್ಷರಗಳಿಗೆ ಜೇನು ಸವರಿ ನೆಕ್ಕಿಸುತ್ತಿದ್ದರು. (ಗಂಡುಮಕ್ಕಳಿಗೆ ಮಾತ್ರ ಆ ಭಾಗ್ಯ. ಅದು ಬೇರೆ ಜಗಳ.) ಈಗಲೂ ಕೆಲವು ಸಂಪ್ರದಾಯಸ್ಥರ ಮನೆಗಳಲ್ಲಿ ಹುಡುಗನಿಗೆ ಮೂರು ತುಂಬಿದಾಗ ಮೊದಲ ಸಲ ಕೂದಲು ಕತ್ತರಿಸಿ, ಜೇನಿನ ಅಕ್ಷರ ನೆಕ್ಕಿಸುವುದುಂಟು. ನಮ್ಮ ಚೌಲ, ಅಕ್ಷರಾಭ್ಯಾಸ ಎರಡೂ ಒಂದೇ ದಿನ ಮುಗಿಸಿದ ಹಾಗೆ!

ಅವರ ಅಕ್ಷರಗಳಿಗೆ ಕಥೆಯೂ ಇದೆ. ಮೂರನೆಯ ಅಕ್ಷರ ಗಿಮೆಲ್‌ನ ಕಾಲು ನಾಲ್ಕನೆಯದಾದ ದಾಲೆತ್ ಕಡೆಗೆ ಚಾಚಿರುತ್ತದೆ. ಯಾಕೆ? ಗಿಮೆಲ್ ದಾನಿ, ದಾಲೆತ್ ಬಡವ. ದಾನಿಯಾದವನು ಬಡವನ ಹಿಂದೆ ಓಡಬೇಕಂತೆ. ಯಹೂದಿಗಳ ಧರ್ಮಗ್ರಂಥ ತಾಲ್ಮುಡ್‌ನಲ್ಲೇ ಇದೆ ಈ ಕಥೆ. ಇದನ್ನು ಕೇಳಿದ ಮಗು ಗಿಮೆಲ್ ಮರೆಯುತ್ತಾ?

ಇನ್ನು ಗಲಿಬಿಲಿ. ಇರುವುದೇ 22 ಅಕ್ಷರ, ಅದರಲ್ಲಿ ಐದಕ್ಕೆ ಮಾತ್ರ ಪದದ ಕೊನೆಯಲ್ಲಿ ಬೇರೆ ರೂಪ. ದಿಕ್ಕಿನ ಚಿಂತೆ ಬಿಡಿ, ಒಂದೇ ಭಾಷೆಯ ಮಕ್ಕಳೂ ಶುರುವಿನಲ್ಲಿ ಅಕ್ಷರ ಉಲ್ಟಾ ಬರೆಯುತ್ತಾರೆ. ನಿಜವಾದ ತೊಡಕು ಬೇತ್–ಕಾಫ್, ದಾಲೆತ್–ರೇಶ್ ಜೋಡಿಗಳದ್ದು. ಒಂದರ ಮೂಲೆ ಚೂಪು, ಇನ್ನೊಂದರದ್ದು ಗುಂಡು, ಅಷ್ಟೇ ವ್ಯತ್ಯಾಸ. ಓವನ್‌ನಲ್ಲಿ ಬಿಸ್ಕತ್ತು ಉಬ್ಬಿದರೆ ಅದೂ ಹೋಯಿತು! ಬೀಗಿತ್ತಿಗೆ ಏನಾದರೂ ಹೇಳಲೇಬೇಕು ಅಂತಿದ್ದರೆ, ಆ ಜೋಡಿಗಳನ್ನು ಒಂದೇ ತಟ್ಟೆಯಲ್ಲಿ ಕೊಡಬೇಡಿ ಅನ್ನಿ.

ನನಗೆ ಬೇಜಾರು ನಮ್ಮವರ ಮೇಲೆ. ವಿಜಯದಶಮಿಗೆ ಅಕ್ಕಿಯಲ್ಲಿ ಮಗುವಿನ ಬೆರಳು ಹಿಡಿದು ಬರೆಸಿ ಫೋಟೊ ತೆಗೆಯುತ್ತೇವೆ. ಶೃಂಗೇರಿಗೂ ಕರೆದುಕೊಂಡು ಹೋಗುತ್ತೇವೆ. ಮರುದಿನದಿಂದ ಬರೀ ಎ ಬಿ ಸಿ ಡಿ ವರ್ಕ್‌ಶೀಟು. ಎಲ್‌ಕೆಜಿ ಕೂಸಿಗೆ ಹೋಂವರ್ಕ್ ಬೇರೆ! ಕನ್ನಡ ಮಾತ್ರ “ಆಮೇಲೆ ಹೇಗೋ ಬರುತ್ತೆ ಬಿಡಿ”. ಹೇಗೆ ಬರುತ್ತೆ? ಹೀಬ್ರೂ ಎಷ್ಟೋ ಶತಮಾನ ಯಾರ ಮನೆಮಾತೂ ಆಗಿರಲಿಲ್ಲ. ಅದನ್ನು ಮತ್ತೆ ಆಡುಮಾತಾಗಿಸಲು ಹೊರಟ ಎಲಿಯೆಜರ್ ಬೆನ್ ಯಹೂದಾ, 1882ರಲ್ಲಿ ಹುಟ್ಟಿದ ತಮ್ಮ ಮಗನ ಕಿವಿಗೆ ಬೇರೆ ಭಾಷೆ ಬೀಳದಂತೆ ಹಟ ಹಿಡಿದು ಕಾದರು. ಅಷ್ಟು ಹಟ ನಮಗೆ ಬೇಕಿಲ್ಲ, ಕಾಲು ಭಾಗ ಸಾಕು.

ಅಂದ ಹಾಗೆ, ನಿಮ್ಮ ಪತ್ರದಲ್ಲಿ ಕನ್ನಡದ ಸುದ್ದಿಯೇ ಇಲ್ಲವಲ್ಲ? ಮುಂದಿನ ಸಲ ಹೋದಾಗ ನೀವೂ ಹಿಟ್ಟು ಕಲಸಿ. ಕೋಡುಬಳೆ ನಡುವೆ ಒಂದು ಚುಕ್ಕೆ, ಮೇಲೊಂದು ತಲೆಕಟ್ಟು ಇಟ್ಟರೆ ‘ಠ’ ಆಯಿತು.