ಡಾಕ್ಟರಾದ ಮೇಲೂ ಕಥೆ ಬರೆಯಬೇಕೇ?

ಎಂಬಿಬಿಎಸ್ ಎರಡನೇ ವರ್ಷದಲ್ಲಿದ್ದೀರಿ, ಹೈಸ್ಕೂಲಿನಿಂದಲೂ ಕಥೆ ಬರೆಯುತ್ತಿದ್ದೀರಿ, ಓದಿಗೆ ಅಡ್ಡಿ ಅಂತ ಮನೆಯಲ್ಲಿ ಹೇಳುತ್ತಿದ್ದಾರೆ, ಬಿಟ್ಟುಬಿಡಲೇ ಎಂದು ಕೇಳಿದ್ದೀರಿ. ದಯವಿಟ್ಟು ಬಿಡಬೇಡಿ. ನಾನು ಮಲೆನಾಡಿನ ಒಂದು ತಾಲ್ಲೂಕಿನಲ್ಲಿ ಪ್ರಾಕ್ಟೀಸ್ ಮಾಡುತ್ತೇನೆ, ಕಥೆಯನ್ನೂ ಬರೆಯುತ್ತೇನೆ. ಬರೆದರೆ ಮನಸ್ಸು ಹಗುರಾಗುತ್ತದೆ ಎನ್ನುತ್ತಾರಲ್ಲ, ಅದು ಖಂಡಿತ ನಿಜ. ಆದರೆ ದೊಡ್ಡ ಲಾಭ ಆಗಿದ್ದು ನನ್ನ ರೋಗಿಗಳಿಗೆ. ಬರೆಯುತ್ತಾ ಬರೆಯುತ್ತಾ ನಾನು ಅವರನ್ನು ಕೇಳುವ ಪ್ರಶ್ನೆಗಳೇ ಬದಲಾದವು.

ಒಂದು ಉದಾಹರಣೆ ಕೊಡುತ್ತೇನೆ, ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಸಕ್ಕರೆ ಕಾಯಿಲೆಯ ಒಬ್ಬ ಅಮ್ಮ ಬರುತ್ತಿದ್ದರು. ಬೇರೆ ಕಡೆಯ ಹಳೇ ಚೀಟಿಯಲ್ಲಿ 'ಮಾತ್ರೆ ಸರಿಯಾಗಿ ತೆಗೆದುಕೊಳ್ಳುವುದಿಲ್ಲ' ಎಂದಿತ್ತು. ಶುಗರ್ ಇಳಿಯುತ್ತಲೇ ಇರಲಿಲ್ಲ. ಒಂದು ರಾತ್ರಿ ನೋಟ್‌ಬುಕ್ಕಿನಲ್ಲಿ ಅವರ ಒಂದು ದಿನವನ್ನು ಅವರ ಮಾತಿನಲ್ಲೇ ಬರೆಯಲು ಕೂತೆ. ಸಂಜೆಯವರೆಗೆ ಬಂದು ಕಥೆ ನಿಂತುಹೋಯಿತು. ಕತ್ತಲಾದ ಮೇಲೆ ಈ ಹೆಂಗಸು ಏನು ಮಾಡುತ್ತಾಳೆ? ಯಾವಾಗ ಉಣ್ಣುತ್ತಾಳೆ? ಮುಂದಿನ ಸಲ ಬಂದಾಗ ಅದನ್ನೇ ಕೇಳಿದೆ. 'ಸುಗ್ಗೀಲಿ ಅಡಿಕೆ ಸುಲಿಯೋಕೆ ಹೋಗ್ತೀನಿ ಡಾಕ್ಟ್ರೇ, ಊಟ ಆಗೋದು ಹನ್ನೊಂದಕ್ಕೆ. ಮಾತ್ರೆ ನುಂಗಿ ಹೋದ್ರೆ ಕೈ ನಡುಗಿ, ಬೆವರಿ, ಕಣ್ಣು ಕತ್ತಲೆ ಬರ್ತದೆ. ಅದಕ್ಕೇ ಬಿಟ್ಟೆ' ಅಂದರು. ಗ್ಲಿಮೆಪಿರೈಡ್ ಎಂಬ ಸಕ್ಕರೆ ಇಳಿಸುವ ಮಾತ್ರೆ ನುಂಗಿ ಊಟ ತಡವಾದರೆ ಆಗುವುದು ಇದೇ, ರಕ್ತದ ಸಕ್ಕರೆ ಕುಸಿಯುತ್ತದೆ. ಆಕೆ ಮಾತ್ರೆ ಬಿಟ್ಟದ್ದು ಜೀವ ಉಳಿಸಿಕೊಳ್ಳಲು. ಔಷಧಿ ಬದಲಾಯಿಸಿ, ಹೊತ್ತನ್ನು ಊಟಕ್ಕೆ ಹೊಂದಿಸಿದ ಮೇಲೆ ಶುಗರ್ ಹಿಡಿತಕ್ಕೆ ಬಂತು.

ಕೇಸ್ ಶೀಟಿನಲ್ಲಿ ಇಂಥ ರಾತ್ರಿಗೆ ಕಾಲಂ ಇಲ್ಲ. ಕಥೆ ಬರೆಯುವಾಗ ಮಾತ್ರ ಆ ಖಾಲಿ ಜಾಗ ಕಣ್ಣಿಗೆ ಹೊಡೆಯುತ್ತದೆ.

ಓಪಿಡಿ ತುಂಬಿರುವಾಗ ಇಷ್ಟೆಲ್ಲ ಕೇಳಲು ಸಮಯವೆಲ್ಲಿ ಎನ್ನಬಹುದು. ಅಮೆರಿಕದಲ್ಲಿ 1984ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ರೋಗಿ ಮಾತು ಶುರುಮಾಡಿ ಸರಾಸರಿ 18 ಸೆಕೆಂಡಿಗೇ ವೈದ್ಯರು ನಡುವೆ ಬಾಯಿ ಹಾಕಿದ್ದರು. ಸ್ವಿಟ್ಜರ್‌ಲೆಂಡಿನಲ್ಲಿ 2002ರಲ್ಲಿ, ತಡೆಯದೆ ಬಿಟ್ಟರೆ ರೋಗಿ ಎಷ್ಟು ಹೊತ್ತು ಮಾತಾಡುತ್ತಾರೆ ಎಂದು ಅಳೆದು ನೋಡಿದರು: ಸರಾಸರಿ 92 ಸೆಕೆಂಡ್. ಒಂದೂವರೆ ನಿಮಿಷ ನಮ್ಮ ಹತ್ತಿರವೂ ಇದೆ.

ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ವೈದ್ಯೆ ರೀಟಾ ಶರಾನ್ ಇದನ್ನೇ ಪಾಠವಾಗಿಸಿದರು. ಕೇಸ್ ಶೀಟಿಗೆ ಸೇರದ್ದನ್ನು, ಉದಾಹರಣೆಗೆ ರೋಗಿಯನ್ನು ಕಂಡು ತಮಗಾದ ಸಿಟ್ಟು, ಭಯ, ದುಃಖವನ್ನು, ವಿದ್ಯಾರ್ಥಿಗಳು ಬೇರೆ ಹಾಳೆಯಲ್ಲಿ ಸಾದಾ ಮಾತಿನಲ್ಲಿ ಬರೆದು ಗುಂಪಿನಲ್ಲಿ ಓದಬೇಕು. 'ನೆರೇಟಿವ್ ಮೆಡಿಸಿನ್' ಎಂದು ಹುಡುಕಿ, ಸಿಗುತ್ತದೆ. ನಮ್ಮಲ್ಲೂ ಈ ದಾರಿ ಹೊಸದಲ್ಲ. 1942ರಲ್ಲಿ 'ಕೊರವಂಜಿ' ಹಾಸ್ಯ ಪತ್ರಿಕೆ ಶುರುಮಾಡಿದ ರಾಶಿಯವರು ವೈದ್ಯರು. ವೈದ್ಯೆ ಅನುಪಮಾ ನಿರಂಜನ ಕಾದಂಬರಿಗಳ ಜೊತೆಗೆ, ಹೆಣ್ಣುಮಕ್ಕಳು ಬಾಯಿಬಿಟ್ಟು ಕೇಳಲು ನಾಚುತ್ತಿದ್ದ ವಿಷಯಗಳನ್ನೂ ತಿಳಿಯಾದ ಕನ್ನಡದಲ್ಲಿ ಬರೆದರು.

ಕಥೆ ಬರೆಯುವವರೆಲ್ಲ ಒಳ್ಳೆಯ ಡಾಕ್ಟರಾಗುತ್ತಾರೆ ಎಂದು ನಾನು ಹೇಳಲಾರೆ. ಒಂದು ಸಾಲೂ ಬರೆಯದೆ ಅದ್ಭುತವಾಗಿ ಕೇಳಿಸಿಕೊಳ್ಳುವ ಹಿರಿಯರನ್ನು ಕಂಡಿದ್ದೇನೆ. ನಿಮ್ಮ ಕೈಯಲ್ಲಿ ಈಗಾಗಲೇ ಇರುವ ಅಭ್ಯಾಸವನ್ನು ಕಳೆದುಕೊಳ್ಳಬೇಡಿ ಎಂದಷ್ಟೇ ನನ್ನ ಮಾತು. ವಾರ್ಡ್ ಪೋಸ್ಟಿಂಗ್ ಇರುವ ದಿನ ಹತ್ತು ಸಾಲು ಸಾಕು, ಒಬ್ಬ ರೋಗಿಯ ಬಾಯಿಂದ.

ಆ ನೋಟ್‌ಬುಕ್ ಮಾತ್ರ ಹಾಸ್ಟೆಲ್ ಮೇಜಿನ ಮೇಲೆ ಬಿದ್ದಿರಬಾರದು, ವಾಟ್ಸಾಪ್ ಗುಂಪಿಗಂತೂ ಹೋಗಲೇಬಾರದು. ಪ್ರಕಟಿಸುವುದಿದ್ದರೆ ಹೆಸರು ಬದಲಿಸಿದರೆ ಸಾಲದು, ಸಣ್ಣ ಊರಿನಲ್ಲಿ ಕಸುಬು, ಕೇರಿ, ಮಕ್ಕಳ ಸಂಖ್ಯೆ ಹೇಳಿದರೂ ಯಾರೆಂದು ತಿಳಿಯುತ್ತದೆ. ಅನುಮಾನ ಬಂದರೆ ಅವರನ್ನೇ ಕೇಳಿ; ಬೇಡ ಎಂದರೆ ಅದು ನಿಮ್ಮ ಪೆಟ್ಟಿಗೆಯಲ್ಲೇ ಇರಲಿ.