ಮೈಲ್ 104ರ ಕೆಳಗಿನಿಂದ ಒಂದು ಉತ್ತರ

ನೀನು ಕೇಳಿದ್ದು ಎರಡು ಪ್ರಶ್ನೆ. ತುಂಗಭದ್ರೆಗೆ ಇಷ್ಟು ದೊಡ್ಡ ಡ್ಯಾಂ ಕಟ್ಟಿಸಿಕೊಂಡು, ಎಪ್ಪತ್ತು ವರ್ಷ ಸರ್ಕಾರದ ದುಡ್ಡು ಸುರಿಸಿಕೊಂಡ ಮೇಲೂ ರಾಯಚೂರಿನ ಜನ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಬರುತ್ತಾರಲ್ಲ, ಆ ದುಡ್ಡೆಲ್ಲ ದಂಡವಲ್ಲವೇ ಎನ್ನುವುದು ಒಂದು. ಅದರ ಬಾಲಕ್ಕೇ ಸೇರಿಸಿದ್ದು, ‘ನಿಮ್ಮ ಕಡೆ ಎಲ್ಲರೂ ಅರ್ಧ ತೆಲುಗರೇ ಅಲ್ವಾ’ ಅನ್ನುವುದು.

ಎರಡನೆಯದನ್ನು ಮೊದಲು ಮುಗಿಸುತ್ತೇನೆ. ವಿಜಯದಾಸರು, ಗೋಪಾಲದಾಸರು, ಮಾನ್ವಿಯ ಜಗನ್ನಾಥದಾಸರು ಎಲ್ಲರೂ ಈ ಮಣ್ಣಿನವರು. ನಿಮ್ಮ ಮನೆಯ ಕ್ಯಾಸೆಟ್ಟಿನಲ್ಲಿ ಬೆಳಿಗ್ಗೆ ಕೇಳಿಬರುತ್ತಿದ್ದ ದೇವರನಾಮಗಳಲ್ಲಿ ಎಷ್ಟೋ ಇಲ್ಲಿಯವು. 1948ರವರೆಗೆ ನಿಜಾಮರ ಆಳ್ವಿಕೆ, 1956ರಲ್ಲಿ ಮೈಸೂರು ರಾಜ್ಯ. ನಡುವೆ ಉರ್ದು ಕಲಿತೆವು, ತೆಲುಗು ಕಲಿತೆವು, ಕನ್ನಡ ಬಿಡಲಿಲ್ಲ. ಗಡಿಯಲ್ಲಿ ಸಂತೆ ಮಾಡಬೇಕಾದವನಿಗೆ ಮೂರು ಭಾಷೆ ಬೇಕಾಗುತ್ತದೆ. ಅದರಿಂದ ಯಾರೂ ಅರ್ಧ ಆಗುವುದಿಲ್ಲ.

ಇನ್ನು ನೀರಿನ ಮಾತು. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ ಇರುವ ಜಿಲ್ಲೆಗೆ ಬರ ಹೇಗೆ ಬರುತ್ತದೆ ಎಂದು ಎಲ್ಲರೂ ಕೇಳುತ್ತಾರೆ. ನದಿಗಳು ತಗ್ಗಿನಲ್ಲಿವೆ, ಹೊಲಗಳು ನಡುವಿನ ದಿಬ್ಬದಲ್ಲಿವೆ. ದೂರದಲ್ಲಿ, ಎತ್ತರದಲ್ಲಿ ನೀರು ಕಟ್ಟಿ ಕಾಲುವೆಯಲ್ಲಿ ತಂದರೆ ಮಾತ್ರ ಅದು ಹೊಲ ಮುಟ್ಟುತ್ತದೆ. ಹೊಸಪೇಟೆ ಬಳಿ 1945ರಲ್ಲಿ ಅಡಿಗಲ್ಲು ಹಾಕಿ 1953ರಲ್ಲಿ ನೀರು ನಿಲ್ಲಿಸಿದ ತುಂಗಭದ್ರಾ ಜಲಾಶಯ ಅದಕ್ಕಾಗಿಯೇ ಇರುವುದು. ಅಲ್ಲಿಂದ ಹೊರಡುವ ಎಡದಂಡೆ ಕಾಲುವೆ 227 ಕಿಲೋಮೀಟರ್ ಹರಿದು ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿ, ಸಿರವಾರ ದಾಟಿ ರಾಯಚೂರು ತಾಲ್ಲೂಕು ಸೇರುತ್ತದೆ. ಅದರ ಅಚ್ಚುಕಟ್ಟು, ಅಂದರೆ ಅದರ ನೀರಿಗೆ ಸೇರಿದ ಹೊಲ, ಆರು ಲಕ್ಷ ಎಕರೆ ಚಿಲ್ಲರೆ.

ದುಡ್ಡು ದಂಡವೇ ಎಂದರೆ, ಅಲ್ಲ. ಗಂಗಾವತಿ, ಸಿಂಧನೂರಿನ ಸೋನಾ ಮಸೂರಿ ನಿಮ್ಮ ಅಡುಗೆಮನೆಯಲ್ಲೇ ಇದೆ. ಅಕ್ಕಿ ಗಿರಣಿ, ಟ್ರ್ಯಾಕ್ಟರ್ ಅಂಗಡಿ, ಕಟಾವು ಯಂತ್ರ, ಹಮಾಲರ ಕೂಲಿ ಎಲ್ಲ ಆ ಕಾಲುವೆಯಿಂದಲೇ ಬಂದದ್ದು. ಡ್ಯಾಂ ತನ್ನ ಖರ್ಚನ್ನು ಎಂದೋ ತೀರಿಸಿದೆ. ಅದು ಯಾರ ಹೊಲದಲ್ಲಿ ತೀರಿತು, ಯಾರ ಹೊಲದಲ್ಲಿ ತೀರಲೇ ಇಲ್ಲ ಎನ್ನುವುದು ಬೇರೆ ಮಾತು. ನಮ್ಮ ಕಡೆಯ ನಿತ್ಯದ ಜಗಳ ಅದೇ.

ಕೃಷ್ಣಾ ಕೊಳ್ಳದ ನೀರನ್ನು ರಾಜ್ಯಗಳಿಗೆ ಹಂಚಿದ ಬಚಾವತ್ ನ್ಯಾಯಮಂಡಳಿ ಎಡದಂಡೆಗೆ ಇಟ್ಟ ಪಾಲು 92 ಟಿಎಂಸಿ. ಒಂದು ಟಿಎಂಸಿ, ಅಂದರೆ ನೂರು ಕೋಟಿ ಘನ ಅಡಿ ನೀರನ್ನು ಒಂದಡಿ ಆಳಕ್ಕೆ ಹರಡಿದರೆ 22,950 ಎಕರೆ ತುಂಬುತ್ತದೆ. ಆ ಲೆಕ್ಕದಲ್ಲಿ 92 ಟಿಎಂಸಿಯನ್ನು ಆರು ಲಕ್ಷ ಎಕರೆಗೆ ಹಂಚಿದರೆ ಎಕರೆಗೆ ಮೂರೂವರೆ ಅಡಿ ನೀರು. ಇದು ಡ್ಯಾಂನ ಬಾಗಿಲಲ್ಲಿ. ದಾರಿಯಲ್ಲಿ ಇಂಗಿ, ಆವಿಯಾಗಿ, ಸೋರಿ ಹೊಲಕ್ಕೆ ಎರಡಡಿ ಬಂದರೆ ದೊಡ್ಡದು. ಹತ್ತಿ, ಜೋಳ, ಕಡಲೆ, ಶೇಂಗಾಕ್ಕೆ ಅಷ್ಟು ಸಾಕು. ನಿಂತ ನೀರಿನ ಭತ್ತಕ್ಕೆ ನಾಲ್ಕಡಿ ಬೇಕು. ಒಬ್ಬ ಭತ್ತ ಹಾಕಿದರೆ ಕೆಳಗೆ ಇನ್ನೊಬ್ಬನ ಪಾಲು ಪೂರ್ತಿ ಹೋಯಿತು ಎಂದೇ ಅರ್ಥ.

ಯೋಜನೆ ಮಾಡಿದವರಿಗೆ ಇದು ತಿಳಿದಿತ್ತು. ಸರ್ವೆ ನಂಬರ್ ಪ್ರಕಾರ ಯಾವ ಹೊಲಕ್ಕೆ ಮುಂಗಾರು, ಯಾವುದಕ್ಕೆ ಹಿಂಗಾರು, ಎಲ್ಲಿ ಹತ್ತಿ, ಎಲ್ಲಿ ಭತ್ತ ಎಂದು ಬರೆದಿಟ್ಟರು. ಬಹುಪಾಲು ಹೊಲಕ್ಕೆ ಹಗುರ ಬೆಳೆ, ಭತ್ತಕ್ಕೆ ಸಣ್ಣ ಪಾಲು ಮಾತ್ರ. ಬರದ ನಾಡಿನಲ್ಲಿ ಹೆಚ್ಚು ಜನರಿಗೆ ಒಂದೊಂದು ಬೆಳೆ ಕಾಯ್ದುಕೊಡುವ ಉದ್ದೇಶ ಅದು. ಆ ಪಟ್ಟಿ ಕಚೇರಿಯಲ್ಲಿ ಈಗಲೂ ಇದೆ. ಹೊಲಗಳಲ್ಲಿ ನೋಡಿದರೆ ಕಾಲುವೆಯ ಮೇಲ್ಭಾಗವೆಲ್ಲ ಭತ್ತ, ನೀರಿದ್ದ ವರ್ಷ ಎರಡು ಬೆಳೆ.

ದುರಾಸೆ ಎಂದು ಬೈದರೆ ಅರ್ಧ ಸತ್ಯ. ಎರೆಭೂಮಿಯಲ್ಲಿ ಪಕ್ಕದವನು ಭತ್ತ ನಾಟಿ ಮಾಡಿ ನಾಲ್ಕು ತಿಂಗಳು ನೀರು ನಿಲ್ಲಿಸಿದರೆ ಆ ಬಸಿ ನೀರು ನಿನ್ನ ಹೊಲಕ್ಕೆ ಬರುತ್ತದೆ. ಹತ್ತಿಯ ಬೇರು ಕೊಳೆಯುತ್ತದೆ. ಮುಂದಿನ ವರ್ಷ ನೀನೂ ಭತ್ತ ಹಾಕುತ್ತೀ, ಬೇರೆ ದಾರಿಯಿಲ್ಲ. ತಗ್ಗಿನವನ ಹೊಲ ಸವಳಾಗುತ್ತದೆ, ಉಪ್ಪು ಮೇಲೆ ಬಂದು ಬೆಳ್ಳಗೆ ಕಾಣುತ್ತದೆ. ನೀರಿನ ಕರವೂ ಬೆಳೆ ನೋಡಿ ಎಕರೆ ಲೆಕ್ಕದಲ್ಲಿ ಹಾಕುತ್ತಾರೆ, ಅಳತೆ ನೋಡಿ ಅಲ್ಲ. ತೂಬನ್ನು ರಾತ್ರಿಯಿಡೀ ತೆರೆದಿಟ್ಟವನಿಗೂ ನಾಲ್ಕು ತಾಸು ತೆರೆದವನಿಗೂ ರಸೀದಿ ಒಂದೇ. ಗುತ್ತಿಗೆ ಭೂಮಿಯ ಮಾಲೀಕರು ಎಕರೆಗೆ ಇಷ್ಟು ಚೀಲ ಭತ್ತ ಎಂದೇ ಮಾತಾಡುತ್ತಾರೆ. ಐವತ್ತರ ದಶಕದಿಂದ ಕರಾವಳಿ ಆಂಧ್ರದವರು ಬಂದು ಕ್ಯಾಂಪ್ ಕಟ್ಟಿಕೊಂಡು ಭತ್ತದ ಬೇಸಾಯ ಕಲಿಸಿದ್ದು ನಿಜ. ಆದರೆ ಇಂದು ಮೇಲ್ಭಾಗದಲ್ಲಿ ಭತ್ತ ಹಾಕುವವರಲ್ಲಿ ಕನ್ನಡದವರು ಬೇಕಾದಷ್ಟಿದ್ದಾರೆ. ಇದನ್ನು ಭಾಷೆಯ ಜಗಳ ಮಾಡಲು ಬರುವವರಿಗೆ ಕಾಲುವೆ ಗೊತ್ತಿಲ್ಲ. ಮೇಲಿನವ, ಕೆಳಗಿನವ ಎಂಬ ಎರಡು ಜಾತಿ ಮಾತ್ರ ಇಲ್ಲಿ.

ಕೆಳಗಿನವರ ಕಣ್ಣೆಲ್ಲ ಗೇಜ್ ಮೇಲೆ. ಕಾಲುವೆಯನ್ನು ಈಗಲೂ ಮೈಲಿನಲ್ಲೇ ಅಳೆಯುತ್ತೇವೆ. ಮೈಲ್ 47, ಮೈಲ್ 69, ಮೈಲ್ 104. ಒಂದೊಂದು ಕಡೆ ಅಡಿ, ಅಂಗುಲ ಗುರುತು ಬರೆದ ಪಟ್ಟಿ ನೀರಿನಲ್ಲಿ ನಿಂತಿರುತ್ತದೆ. ಹಂಗಾಮು ಶುರುವಾದರೆ ಮಾನ್ವಿ, ಸಿರವಾರ ಕಡೆ ಬೆಳಿಗ್ಗೆ ಮೊದಲ ಮಾತು 104ರಲ್ಲಿ ಎಷ್ಟು ಎಂಬುದೇ. ಗೇಜ್ ಇಳಿದರೆ ರಸ್ತೆ ತಡೆ, ಕಚೇರಿಗೆ ಮುತ್ತಿಗೆ. ನೀವು ಟಿವಿಯಲ್ಲಿ ನೋಡಿ ‘ಮತ್ತೆ ಗಲಾಟೆ’ ಅನ್ನುತ್ತೀರಲ್ಲ, ಅದು.

ಗೇಜ್ ಅರ್ಧಕ್ಕೆ ಇಳಿದರೆ ನೀರೂ ಅರ್ಧ ಎಂದುಕೊಳ್ಳಬೇಡ. ಆಳ ಅರ್ಧವಾದರೆ ವೇಗವೂ ಇಳಿದು ಹರಿವು ಸುಮಾರು ಮೂರನೇ ಒಂದಕ್ಕೆ ಬರುತ್ತದೆ. ಅದರ ಮೇಲೆ ಉಪಕಾಲುವೆಯ ಬಾಯಿ ಮುಖ್ಯ ಕಾಲುವೆಯ ತಳಕ್ಕಿಂತ ಎತ್ತರದಲ್ಲಿದ್ದರೆ, ಮುಖ್ಯ ಕಾಲುವೆಯಲ್ಲಿ ನೀರು ಹರಿಯುತ್ತಿದ್ದರೂ ಉಪಕಾಲುವೆಗೆ ಹತ್ತುವುದೇ ಇಲ್ಲ. ಸೇತುವೆ ಮೇಲೆ ನಿಂತು ಫೋಟೊ ತೆಗೆದವರಿಗೆ ಕಾಲುವೆಯಲ್ಲಿ ನೀರು ಕಾಣುತ್ತದೆ. ಎರಡು ಕಿಲೋಮೀಟರ್ ಆಚೆ ಮೆಣಸಿನಕಾಯಿ ಹೂವು ಉದುರಿಸುತ್ತಿರುತ್ತದೆ.

ನೀರು ಎಲ್ಲಿ ಹೋಗುತ್ತದೆ? ಏರಿಯಲ್ಲಿ ಹೂತ ಪೈಪಿಗೆ ತಿರುಪಿನ ಶಟರ್ ಇರಬೇಕು. ಎಷ್ಟೋ ತೂಬುಗಳಲ್ಲಿ ಅದು ಮುರಿದು ಹೋಗಿದೆ, ಮಣ್ಣಿನ ಚೀಲ ಒತ್ತಿ ಬಂದ್ ಮಾಡುತ್ತಾರೆ, ಕತ್ತಲಾದ ಮೇಲೆ ಚೀಲ ಮೇಲೆ ಬರುತ್ತದೆ. ಇನ್ನು ದಂಡೆಯ ಉದ್ದಕ್ಕೂ ಪಂಪ್‌ಸೆಟ್. ಕಡಿಮೆ ಎತ್ತರಕ್ಕೆ ಎತ್ತುವ 5 ಎಚ್‌ಪಿ ಪಂಪ್ ಎರಡು ಸೇರಿದರೆ ಒಂದು ಕ್ಯೂಸೆಕ್, ಅಂದರೆ ಸೆಕೆಂಡಿಗೆ ಒಂದು ಘನ ಅಡಿ, ಹತ್ತಿರ ಎಳೆಯುತ್ತವೆ. ಒಂದು ಕ್ಯೂಸೆಕ್ ಹಗಲು ರಾತ್ರಿ ಹರಿದರೆ ಎಂಟು ಎಕರೆಗೆ ಮೂರು ಅಂಗುಲ ನೀರು, ಹತ್ತಿಗೆ ಒಂದು ತೇವ. ಆ ಎರಡು ಪಂಪ್ ದಿನಕ್ಕೆ ಎಂಟು ಎಕರೆ ಹತ್ತಿಯ ಒಂದು ತೇವ ಕುಡಿಯುತ್ತವೆ, ಅದೂ ಬಹಳ ಸಲ ಅಚ್ಚುಕಟ್ಟಿನಲ್ಲೇ ಇಲ್ಲದ ದಿಬ್ಬದ ಹೊಲಕ್ಕೆ. 2024ರಲ್ಲಿ ನೀರಾವರಿ ಕಾಯ್ದೆ ತಿದ್ದಿ ಅಕ್ರಮಕ್ಕೆ ಶಿಕ್ಷೆ ಹೆಚ್ಚಿಸಿದರು. ಕಾಯ್ದೆ ಹಿಡಿದು ರಾತ್ರಿ ದಂಡೆ ಮೇಲೆ ನಡೆಯಬೇಕಾದವನು ಕಾಲುವೆ ಕಾಯುವ ಹಂಗಾಮಿ ಗ್ಯಾಂಗ್‌ಮನ್. ಅವನಿಗೆ ಸಂಬಳವೇ ಹೊತ್ತಿಗೆ ಸಿಗುವುದಿಲ್ಲ. ಕೈಯಲ್ಲಿ ಬ್ಯಾಟರಿ, ಎದುರಿಗೆ ಇಪ್ಪತ್ತು ಜನ.

ಕೂಗಿದ ಮೇಲೆ ಡ್ಯಾಂನಿಂದ ಹೆಚ್ಚು ಬಿಟ್ಟರೂ ಕೂಡಲೇ ಬರುವುದಿಲ್ಲ. ಸೆಕೆಂಡಿಗೆ ಒಂದು ಮೀಟರ್ ವೇಗ ಸಿಕ್ಕರೂ 227 ಕಿಲೋಮೀಟರ್‌ಗೆ ಎರಡೂವರೆ ದಿನ ದಾಟುತ್ತದೆ. ಅಷ್ಟರಲ್ಲಿ ಮೇಲೆ ಏರಿದ ಮಟ್ಟಕ್ಕೆ ಪ್ರತಿ ತೂಬೂ ತಾನಾಗಿಯೇ ಹೆಚ್ಚು ಎಳೆದಿರುತ್ತದೆ. ಕೆಳಗೆ ನೀರು ಹತ್ತಬೇಕೆಂದರೆ ಮೇಲಿನ ಉಪಕಾಲುವೆಗಳನ್ನು ಸರದಿಯ ಮೇಲೆ ಪೂರ್ತಿ ಬಂದ್ ಮಾಡಬೇಕು. ಎಲ್ಲ ಬಾಯಿಗಳನ್ನೂ ಅರ್ಧರ್ಧ ತೆರೆದಿಟ್ಟು ಹಂಚುವ ಸಮಾಧಾನದ ದಾರಿ ಕೊನೆಭಾಗದವರನ್ನು ಕೊಲ್ಲುತ್ತದೆ.

ಹೂಳಿನ ಕಥೆ ನಿನಗೆ ಗೊತ್ತು. ಕಟ್ಟಿದಾಗ 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಈಗ 105ರ ಆಸುಪಾಸು. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟ್ ಕೊಚ್ಚಿಹೋದಾಗ ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟ್ ಕೂರಿಸಿ ಉಳಿದ ನೀರು ಉಳಿಸಿದರು. ಆ ಕೆಲಸಗಾರರಿಗೆ ಇಡೀ ನಾಡು ಋಣಿ. ಮರುವರ್ಷ ಗೇಟುಗಳ ಭಯದಿಂದ 80 ಟಿಎಂಸಿಗೇ ನಿಲ್ಲಿಸಬೇಕಾಯಿತು. ಕೊಪ್ಪಳ ಜಿಲ್ಲೆಯ ನವಲಿಯಲ್ಲಿ ಸಮತೋಲನ ಜಲಾಶಯ ಕಟ್ಟಿ ಹೂಳಿನ ನಷ್ಟ ತುಂಬುತ್ತೇವೆ ಎಂಬ ಮಾತು ವರ್ಷಗಳಿಂದ ಇದೆ. ಅದಕ್ಕೆ ಆಂಧ್ರ, ತೆಲಂಗಾಣ ಎರಡೂ ಒಪ್ಪಬೇಕು. ಕಟ್ಟಲಿ. ಆದರೆ ತೂಬುಗಳಿಗೆ ಶಟರ್ ಇಲ್ಲದೆ, ಉಪಕಾಲುವೆಯ ಬಾಯಲ್ಲಿ ಅಳತೆ ಇಲ್ಲದೆ ನವಲಿಯ ನೀರು ಬಂದರೆ ಅದು ಮೇಲ್ಭಾಗದ ಇನ್ನೊಂದು ಬೇಸಿಗೆ ಭತ್ತವಾಗುತ್ತದೆ, ಮೈಲ್ 104 ದಾಟುವುದಿಲ್ಲ.

ಗಡಿಯಾಚೆಗೂ ಇದೇ ಪಾಡು. ಮಾನ್ವಿ ತಾಲ್ಲೂಕಿನ ರಾಜೋಳಿಬಂಡಾ ಅಣೆಕಟ್ಟಿನಿಂದ ಹೊರಡುವ ಕಾಲುವೆ 143 ಕಿಲೋಮೀಟರ್. ಮೊದಲ 42 ಕಿಲೋಮೀಟರ್ ಚಿಲ್ಲರೆ ನಮ್ಮಲ್ಲಿ, ಉಳಿದದ್ದು ತೆಲಂಗಾಣದಲ್ಲಿ. ನಮ್ಮ ಅಚ್ಚುಕಟ್ಟು 5,879 ಎಕರೆ, ಅವರದು 87,500. ನ್ಯಾಯಮಂಡಳಿ ನಮಗೆ 1.2, ಅವರಿಗೆ 15.9 ಟಿಎಂಸಿ ಕೊಟ್ಟಿದೆ. ತೆಲಂಗಾಣದ ಅಲಂಪುರದ ಕೊನೆಭಾಗದ ರೈತ ನಮ್ಮನ್ನು ನೋಡುವುದು ನಾವು ಸಿಂಧನೂರಿನವರನ್ನು ನೋಡುವ ಕಣ್ಣಿನಿಂದಲೇ. ಅವನ ಸಿಟ್ಟು ಸರಿಯಾಗಿಯೇ ಇದೆ.

ಹಾಗಾಗಿ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಬರುವವರನ್ನು ಕಂಡು ಯೋಜನೆ ದಂಡ ಎನ್ನಬೇಡ. ಅವರ ಊರು ಕಾಲುವೆಯ ಯಾವ ಮೈಲಿನಲ್ಲಿದೆ ಎಂದು ಕೇಳು. ಕೊನೆಭಾಗದವನ ಪಹಣಿಯಲ್ಲಿ ‘ನೀರಾವರಿ’ ಎಂದಿದೆ, ಅವನಪ್ಪ ಕಾಲುವೆಗೆ ಭೂಮಿ ಬಿಟ್ಟಿದ್ದಾನೆ, ಹೊಲಗಾಲುವೆಯಲ್ಲಿ ಜಾಲಿ ಬೆಳೆದಿದೆ. ಅವನು ಕೇಳುತ್ತಿರುವುದು ಅನುದಾನ ಅಲ್ಲ, ಬರೆದುಕೊಟ್ಟ ಪಾಲು.

ಪ್ರತಿ ವರ್ಷ ಮುಂಗಾರು ಬೆಳೆ ಮುಗಿಯುತ್ತಿದ್ದಂತೆ ನೀರಾವರಿ ಸಲಹಾ ಸಮಿತಿ, ನಾವು ಐಸಿಸಿ ಎನ್ನುವುದು, ಸೇರಿ ಎರಡನೇ ಬೆಳೆಗೆ ಎಷ್ಟು ನೀರು ಎಂದು ತೀರ್ಮಾನಿಸುತ್ತದೆ. ಚರ್ಚೆ ಯಾವಾಗಲೂ ಜಲಾಶಯದಲ್ಲಿ ಎಷ್ಟಿದೆ ಎಂಬುದರ ಮೇಲೆ. ಮೇಲ್ಭಾಗದ ಬೇಸಿಗೆ ಭತ್ತಕ್ಕೆ ಒಪ್ಪಿಗೆ ಕೊಡುವ ಮುನ್ನ, ಆಗಸ್ಟಿನಿಂದ ನವೆಂಬರ್‌ವರೆಗೆ ಮೈಲ್ 104ರಲ್ಲಿ ಎಷ್ಟು ದಿನ ನಿಗದಿತ ಗೇಜ್ ಇತ್ತು, ಎಷ್ಟು ದಿನ ಇರಲಿಲ್ಲ ಎಂಬ ದಿನವಾರು ಪಟ್ಟಿ ಆ ಮೇಜಿನ ಮೇಲೆ ಇರಲಿ. ಕೊರತೆಯಾದ ನೀರನ್ನು ಮೊದಲು ಹಿಂಗಾರು ಜೋಳ, ಕಡಲೆಗೆ ಕೆಳಭಾಗಕ್ಕೆ ಬಿಡಲಿ, ಉಳಿದರೆ ಮೇಲಿನವರು ನಾಟಿ ಮಾಡಲಿ.